ನನ್ನ ತಮ್ಮ ಹೊರಗಿನವನಾದದ್ದು

ಬೇಟೆಯ ನಿಯಮಕ್ಕೆಂದು ಸರ್ಕಾರ ಕರೆದ ಆ ಸಭೆಯಲ್ಲಿ ಎಲ್ಲರಿಗಿಂತ ಜೋರಾಗಿ ಕೂಗಿದವನು ನನ್ನ ತಮ್ಮ ಟ್ರೂಮನ್. "ಹೊರಗಿನೋರಿಗೆ ಬಾಗಿಲು ಹಾಕ್ರಿ! ನಮ್ಮ ಕ್ಯಾರಿಬೂ ಜಿಂಕೆ ವರ್ಷ ವರ್ಷ ಕಮ್ಮಿ ಆಗ್ತಿವೆ. ಇವ್ರು ನೋಡಿದ್ರೆ ಗೋಡೆಗೆ ಕೊಂಬು ಬೇಕು ಅಂತ ವಿಮಾನ ಮಾಡ್ಕೊಂಡು ಬರ್ತಾರೆ!" ಶಾಲೆಯ ಹಾಲಿನಲ್ಲಿ ಕೂತಿದ್ದ ನಾವು ಊರಿನವರೆಲ್ಲ ಚಪ್ಪಾಳೆ ತಟ್ಟಿದೆವು. ಅವನು ಕೂಗಿದ್ದು ಮಾತ್ರ ಫೋನಿನಲ್ಲಿ, ದೂರದ ಆಂಕರೇಜ್ ಪಟ್ಟಣದಿಂದ. ಅವನ ಹೆಂಡತಿ ಲೂಲೂಗೆ ಅಲ್ಲಿಯ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿ ಗಂಡ ಹೆಂಡತಿ ಅಲ್ಲಿಗೆ ಹೋಗಿ ಆರು ವರ್ಷವಾಗಿತ್ತು. ಫೋನು ಎಲ್ಲಿಂದ ಬಂದಿದೆ ಎಂದು ಯಾರಿಗೂ ಹೊಳೆಯಲಿಲ್ಲ, ಅವನಿಗಂತೂ ಇಲ್ಲವೇ ಇಲ್ಲ.

ಸರ್ಕಾರ ಕಿವಿಗೊಟ್ಟಿತು. ಮರುವರ್ಷ ಅಂಚೆಕಚೇರಿಯ ಗೋಡೆಗೆ ಕಾಗದ ಅಂಟಿತು. ನಾನು ಓದು ಕಲಿತದ್ದು ಐವತ್ತು ದಾಟಿದ ಮೇಲೆ, ರಾತ್ರಿ ಶಾಲೆಯಲ್ಲಿ. ಹಾಗಾಗಿ ಯಾವ ಕಾಗದವನ್ನೂ ಎರಡು ಸಲ ಓದದೆ ಬಿಡುವುದಿಲ್ಲ. ನಮ್ಮ ನದಿಯ ಎರಡೂ ಕಡೆಯ ಕೇಂದ್ರ ಸರ್ಕಾರದ ನೆಲದಲ್ಲಿ ಇನ್ನು ಮೇಲೆ ಇಲ್ಲಿ ಮನೆ ಮಾಡಿಕೊಂಡಿರುವವರು ಮಾತ್ರ ಕ್ಯಾರಿಬೂ ಹೊಡೆಯಬಹುದು. ನದಿಯ ಜಲ್ಲಿ ದಂಡೆ ರಾಜ್ಯದ್ದು, ಅಲ್ಲಿ ಯಾರು ಬೇಕಾದರೂ ಹೊಡೆಯಬಹುದು. ಓದಿ ಮುಗಿಸಿ ತಮ್ಮನಿಗೆ ಫೋನು ಮಾಡಿದೆ. "ಗೆದ್ವಲ್ಲಕ್ಕ!" ಎಂದು ಕೂಗಿ ಇಟ್ಟೇಬಿಟ್ಟ.

ಸೆಪ್ಟೆಂಬರಿನಲ್ಲಿ ಬಂದಿಳಿದ. ಹೊಸ ಬೂಟು, ಹೊಸ ಬಂದೂಕು, ಮೂರು ಖಾಲಿ ಮಾಂಸದ ಪೆಟ್ಟಿಗೆ.

"ಲೂಲೂ ಏನಂದ್ಲು ಗೊತ್ತಾ? ಕೋಳಿ ತಿಂದು ತಿಂದು ನಂಗೆ ರೆಕ್ಕೆ ಬರ್ತಿದೆ, ಬರಿಗೈಲಿ ಬಂದ್ರೆ ಬಾಗಿಲು ತೆಗೆಯಲ್ಲ ಅಂದ್ಲು. ನಾಳೆನೇ ಅಪ್ಪನ ಬೇಟೆ ಬಿಡಾರಕ್ಕೆ ಹೋಗೋಣ."

ಅವನ ಮುಂದೆ ಒಣಮೀನು, ಅದನ್ನು ಅದ್ದಿಕೊಳ್ಳಲು ಸೀಲ್ ಪ್ರಾಣಿಯ ಎಣ್ಣೆ ಇಟ್ಟು ಹೇಳಿದೆ: "ಅಪ್ಪನ ಬಿಡಾರ ಇರೋದು ಸರ್ಕಾರದ ನೆಲದಲ್ಲಿ ಕಣೋ. ನೀನು ಅಲ್ಲಿ ಹೊಡೆಯೋ ಹಾಗಿಲ್ಲ."

"ಅದು ಹೊರಗಿನೋರಿಗೆ."

"ನಿನ್ನ ಮನೆ ಎಲ್ಲಿ?"

"ಇಲ್ಲೇ!"

"ಇದು ನನ್ನ ಮನೆ. ನಿನ್ನ ಟಿವಿ ಎಲ್ಲಿದೆ?"

ಮೀನು ಬಾಯಲ್ಲೇ ಉಳಿಯಿತು. ಹದಿಮೂರನೆಯ ವಯಸ್ಸಿನಿಂದ ಅರವತ್ತಾರರವರೆಗೆ ಒಂದು ಸೆಪ್ಟೆಂಬರನ್ನೂ ಅವನು ಖಾಲಿ ಬಿಟ್ಟವನಲ್ಲ. ಆಮೇಲೆ ಸತ್ತುಹೋದ ಅಪ್ಪನಿಗೆ ಬೈಗುಳ ಸುರುವಾಯಿತು. ಆ ಕಾಲದಲ್ಲಿ ಎಲ್ಲರೂ ಬಿಡಾರದ ನೆಲಕ್ಕೆ ಹಕ್ಕುಪತ್ರ ಮಾಡಿಸಿಕೊಂಡರೆ, ನಮ್ಮಪ್ಪ "ನೆಲಕ್ಕೆ ಯಾಕೆ ಕಾಗದ, ಅದೇನು ಓಡಿಹೋಗುತ್ತಾ?" ಎಂದು ಚಹಾ ಕುಡಿದುಕೊಂಡು ಕೂತಿದ್ದ. ನೆಲ ಓಡಲಿಲ್ಲ ನಿಜ, ಸರ್ಕಾರದ್ದಾಯಿತು.

ಉಳಿದದ್ದು ಜಲ್ಲಿ ದಂಡೆ. ದೋಣಿಯಲ್ಲಿ ಹೊರಟೆವು. ಬಿಡಾರದ ಕೆಳಗಿನ ದಂಡೆಗೆ ಹೋಗಿ ನೋಡಿದರೆ ಅಲ್ಲೊಂದು ಹಳದಿ ಡೇರೆ. ಸಾವಿರಾರು ಮೈಲಿ ದೂರದ ಓಹಾಯೋದ ಕ್ಲೇಟನ್ ಎಂಬ ಉದ್ದನೆಯ ಮನುಷ್ಯ, ಕೊಳಾಯಿ ರಿಪೇರಿ ಅವನ ಕಸುಬು. ಮೂರು ವರ್ಷದಿಂದ ಈ ಬೇಟೆಗೆ ತಯಾರಿ ನಡೆಸಿದ್ದನಂತೆ. ಗುಡ್ಡದ ಮೇಲಿನ ಸರೋವರಕ್ಕೆ ವಿಮಾನ ಗೊತ್ತು ಮಾಡಿ, ಭೂಪಟ ಬಾಯಿಪಾಠ ಮಾಡಿದ ಮೇಲೆ ಹೊರಗಿನವರಿಗೆ ಆ ನೆಲ ಮುಚ್ಚಿತು. ವಿಮಾನದವನು ಇಲ್ಲಿ ಇಳಿಸಿ ಹೋಗಿದ್ದ. ದಂಡೆ ಮುಗಿದು ವಿಲೋ ಪೊದೆ ಸುರುವಾಗುವ ಕಡೆ ಉದ್ದಕ್ಕೂ ಕಿತ್ತಳೆ ಬಣ್ಣದ ಪಟ್ಟಿ ಕಟ್ಟಿದ್ದ. ಮೂತ್ರಕ್ಕೆ ಹೋದರೂ ಬಂದೂಕು ಪಟ್ಟಿಯ ಈಚೆ ಇಟ್ಟು ಹೋಗುತ್ತಿದ್ದ.

"ಯಾರೋ ಸಭೆಯಲ್ಲಿ ಬಾಯಿ ಬಡ್ಕೊಂಡ್ರಂತೆ ಅಮ್ಮಾ," ಎಂದ ನನ್ನ ಹತ್ತಿರ. "ಅವನು ಸಿಕ್ಕಿದ್ರೆ..."

ಟ್ರೂಮನ್ ಇದ್ದಕ್ಕಿದ್ದ ಹಾಗೆ ದೋಣಿಯ ಮೋಟರು ಒರೆಸತೊಡಗಿದ.

"ಇವನೇ," ಎಂದೆ.

ಕ್ಲೇಟನ್ ಅವನನ್ನು ಮೇಲಿಂದ ಕೆಳಗೆ ನೋಡಿದ. "ಮತ್ತೆ ನೀನ್ಯಾಕೆ ಇಲ್ಲಿ, ಪಟ್ಟಿ ಈಚೆ?"

"ಗಾಳಿ ಚೆನ್ನಾಗಿದೆ," ಎಂದ ನನ್ನ ತಮ್ಮ.

ಎರಡು ದಿನ ಕಾದೆವು. ಕ್ಲೇಟನ್ ಕಾಫಿ ಕಾಯಿಸಿದ, ಟ್ರೂಮನ್ ಬಿಸ್ಕತ್ತು ಕೊಟ್ಟ, ಇಬ್ಬರೂ ಸೇರಿ ಸರ್ಕಾರವನ್ನು ಬೈದರು. ನಾನು ಕೈಗವಸು ಹೊಲಿದೆ.

ಮೂರನೆಯ ದಿನ ಬೆಳಿಗ್ಗೆ ಪೊದೆ ಅಲುಗಾಡಿತು. ಐದು ಕ್ಯಾರಿಬೂ ಪಟ್ಟಿಯ ಕೆಳಗೆ ತಲೆ ತಗ್ಗಿಸಿ ದಂಡೆಗೆ ಇಳಿದವು. ತೆರೆದ ನೆಲ. ನಲವತ್ತು ಹೆಜ್ಜೆ. ಕ್ಲೇಟನ್ ಬಂದೂಕು ಎತ್ತಿದ. ಟ್ರೂಮನ್ ಅದರ ನಳಿಗೆ ಹಿಡಿದು ಕೆಳಗೆ ಒತ್ತಿದ.

"ಹುಚ್ಚು ಹಿಡಿದಿದ್ಯಾ? ದಂಡೆ ಮೇಲೇ ಇವೆ!"

"ಮುಂದಿನವನ್ನ ಮುಟ್ಟಬಾರದು. ಅವು ದಾರಿ ತೋರ್ಸೋವು. ಅವನ್ನ ಹೊಡೆದ್ರೆ ಹಿಂದಿನವು ಇನ್ಯಾವತ್ತೂ ಈ ಕಡೆ ಬರಲ್ಲ."

"ಅದು ಯಾವ ಕಾಗದದಲ್ಲಿದೆ?"

"ಯಾವುದರಲ್ಲೂ ಇಲ್ಲ. ಸುಮ್ಮನಿರು."

ಐದೂ ನೀರಿಗಿಳಿದು, ಈಜಿ, ಆಚೆ ದಡದಲ್ಲಿ ಮೈ ಕೊಡವಿದವು. ಟ್ರೂಮನ್‌ನ ಬಂದೂಕಿನಲ್ಲೂ ಗುಂಡಿತ್ತು, ಅವನಿಗೂ ಇರುವುದು ಇದೇ ದಂಡೆ. ಬಾಯಿ ದೊಡ್ಡದಾದರೂ ಅಪ್ಪ ಹೇಳಿಕೊಟ್ಟದ್ದನ್ನು ಅವನು ಮರೆತಿರಲಿಲ್ಲ.

ಹಿಂದಿನವು ಬಂದವು. ಎಂಬತ್ತೋ ನೂರೋ. ಅಷ್ಟರಲ್ಲಿ ಗಾಳಿ ತಿರುಗಿ ಕ್ಲೇಟನ್ ಒಣಹಾಕಿದ್ದ ಕಾಲುಚೀಲದ ವಾಸನೆಯನ್ನು ಅವುಗಳ ಮೂಗಿಗೆ ಮುಟ್ಟಿಸಿತು. ಇಡೀ ಹಿಂಡು ಪಟ್ಟಿಯ ಆಚೆ, ಮೂವತ್ತು ಹೆಜ್ಜೆ ದೂರ, ಅಪ್ಪನ ಬಿಡಾರದ ಅಂಗಳದಲ್ಲೇ ನಿಂತುಬಿಟ್ಟಿತು. ಕೆಳಗೆ ಇಳಿಯಲೊಲ್ಲದು.

ಟ್ರೂಮನ್ ಬಂದೂಕು ಹೆಗಲಿಗೇರಿಸಿದ. ಆಕಾಶದಲ್ಲಿ ವಿಮಾನವಿಲ್ಲ, ನದಿಯಲ್ಲಿ ದೋಣಿಯಿಲ್ಲ. ಕ್ಲೇಟನ್ ಅವನನ್ನೇ ನೋಡುತ್ತಿದ್ದ. ಇವನು ಹೊಡೆದರೆ ತಾನೂ ಹೊಡೆಯುವುದೇ ಎಂದು ಆ ಮುಖದಲ್ಲಿ ಬರೆದಿತ್ತು. ನಾನು ಸೂಜಿ ನಿಲ್ಲಿಸಿದೆ.

ಟ್ರೂಮನ್ ಕ್ಲೇಟನ್‌ನ ಕಡೆ ನೋಡಿದ, ಪಟ್ಟಿಯ ಕಡೆ ನೋಡಿದ. ಒಂದು ಕೆಟ್ಟ ಬೈಗುಳ ಬೈದ, ಯಾರಿಗೆಂದು ತಿಳಿಯಲಿಲ್ಲ. ಆಮೇಲೆ ಬಂದೂಕು ಇಳಿಸಿ ನನ್ನ ತೊಡೆಯ ಮೇಲಿಟ್ಟ.

"ಅಕ್ಕ, ಮಂಡಿ ಹೇಗಿದೆ?"

"ಹಾಳಾಗಿದೆ."

"ಕಣ್ಣು?"

"ಕಣ್ಣಿಗೇನಾಗಿದೆ! ನೀನು ಚಡ್ಡಿ ಹಾಕ್ಕೊಳ್ಳೋ ಮುಂಚಿಂದ ಹೊಡೀತಿದೀನಿ."

ಕೋಲೂರಿಕೊಂಡು ಪಟ್ಟಿ ದಾಟಿದೆ. ನನ್ನ ಮನೆ ಇಲ್ಲಿದೆ, ನನ್ನ ಟಿವಿ ಇಲ್ಲಿದೆ. ಕಲ್ಲಿನ ಮೇಲೆ ಕೂತು ಉಸಿರು ಹದಕ್ಕೆ ಬರುವ ತನಕ ಕಾದೆ. ಎರಡು ಕೊಬ್ಬಿದ ಗಂಡು, ಎರಡೇ ಗುಂಡು. ಉಳಿದವು ಓಡಿದವು.

ಟ್ರೂಮನ್ ಬರಿಗೈಯಲ್ಲಿ ಬಂದು ಸೀಳಿದ, ಕೊಯ್ದ, ತೊಡೆ ಬೆನ್ನಿಗೇರಿಸಿಕೊಂಡ. ಪಟ್ಟಿಯ ಹತ್ತಿರ ಕ್ಲೇಟನ್ ಕೇಳಿದ: "ಅಮ್ಮಾ, ಇವನು ಹೊರಬಹುದಾ?"

"ಕಾಗದ ಎರಡು ಸಲ ಓದಿದೀನಿ. ಗುಂಡಿನ ಮಾತಿದೆ, ಬೆನ್ನಿನ ಮಾತಿಲ್ಲ."

ಕ್ಲೇಟನ್ ತನ್ನ ಬಂದೂಕನ್ನು ಡೇರೆಯೊಳಗಿಟ್ಟು ಇನ್ನೊಂದು ತೊಡೆ ಹೊತ್ತ. ಇಬ್ಬರು ಹೊರಗಿನವರು ನನ್ನ ಹಿಂದೆ ಏದುಸಿರು ಬಿಡುತ್ತಾ ಬಂದರು. ಪಕ್ಕೆಲುಬು ಬೇಯಿಸಿ ಮೂವರೂ ತಿಂದೆವು.

ಮಾಂಸ ಪೆಟ್ಟಿಗೆಗೆ ತುಂಬುವಾಗ ಟ್ರೂಮನ್ ಮೆಲ್ಲಗೆ ಹೇಳಿದ: "ಲೂಲೂಗೆ ನಾನೇ ಹೊಡೆದೆ ಅಂತ..."

"ಮುಚ್ಚಳ ಮುಚ್ಚಬೇಡ," ಎಂದೆ. "ಮೊದಲು ಫೋನು ಮಾಡಿ ನಿಜ ಹೇಳು. ಆಮೇಲೆ ಮುಚ್ಚು."

ಊರಿಗೆ ಬಂದು ಮಾಡಿದ. ಲೂಲೂ ನಕ್ಕದ್ದು ಅಡುಗೆಮನೆಯಲ್ಲಿದ್ದ ನನಗೂ ಕೇಳಿಸಿತು. ನಗು ನಿಲ್ಲುವವರೆಗೆ ಅವನು ಫೋನನ್ನು ಕಿವಿಯಿಂದ ದೂರ ಹಿಡಿದುಕೊಂಡು ನಿಂತಿದ್ದ. ಆಮೇಲೆ ನನ್ನ ಕಡೆ ತಿರುಗಿ ಕೇಳಿದ:

"ಅಕ್ಕ, ಮುಂದಿನ ಸಭೆ ಯಾವಾಗ?"