ಕಾಫಿ ಜಡ್ಜ್ ಬಸವಣ್ಣೆಮ್ಮನ ಖಾಲಿ ಹೊಟ್ಟೆ

ಡಾಕ್ಟರಮ್ಮ ಹೇಳಿದ್ದು ಸ್ಪಷ್ಟವಾಗಿತ್ತು. ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಲಿಂಗಸುಗೂರಿನ ಕಣ್ಣಿನ ಶಿಬಿರದಲ್ಲಿ ಅಜ್ಜಿಯ ರಕ್ತದ ಸಕ್ಕರೆ ಇನ್ನೂರರ ಒಳಗಿರಬೇಕು. ಇದ್ದರೆ ಆಪರೇಷನ್, ಇಲ್ಲದಿದ್ದರೆ ವಾಪಸ್ ಬಸ್ಸು. ಹೋದ ಸಲ ಇನ್ನೂರ ಎಪ್ಪತ್ತು ಬಂದು ಬಾಗಿಲಿನಿಂದಲೇ ತಿರುಗಿಸಿ ಕಳಿಸಿದ್ದರು. ಈ ಸೋಮವಾರ ಶಿಬಿರದ ಕೊನೆಯ ದಿನ. ಅಜ್ಜಿಯ ಎಡಗಣ್ಣು ಎರಡು ವರ್ಷದ ಹಿಂದೆಯೇ ಹೋಗಿತ್ತು. ಬಲಗಣ್ಣಿನ ಪೊರೆ ಪೂರ್ತಿ ಬಲಿತಿದೆ, ಇನ್ನೂ ತಡಮಾಡಿದರೆ ಇದೂ ಉಳಿಯುವುದಿಲ್ಲ ಎಂದು ಡಾಕ್ಟರಮ್ಮ ನನ್ನ ಮುಖ ನೋಡಿಯೇ ಹೇಳಿದ್ದರು.

"ಖಾಲಿ ಹೊಟ್ಟಿಲೆ ಕರ್ಕೊಂಡು ಬಾ. ಬೆಳಗಿನ ಸಕ್ಕರಿ ಗುಳಿಗಿ ಕೊಡಬ್ಯಾಡ. ಟೆಸ್ಟ್ ಆದಮ್ಯಾಲೆ ನಾವೇ ಕೊಡ್ತೀವಿ."

ಇದರಲ್ಲಿ ಕೆಡಿಸುವುದಕ್ಕೆ ಏನಿದೆ ಎಂದು ನಿಮಗೆ ಅನ್ನಿಸಬಹುದು. ನನ್ನನ್ನು ಅರಿಯದವರಿಗೆ ಹಾಗೇ ಅನ್ನಿಸುತ್ತದೆ.

ನಾನು ಚನ್ನವೀರ, ತುರ್ವಿಹಾಳದವನು. ಮೊಬೈಲಿನಲ್ಲಿ ನನ್ನದೊಂದು ಪೇಜ್ ಇದೆ, 'ಅಜ್ಜಿ ಪಾಸ್ ಅಂದ್ರ ಪಾಸ್'. ಸಿಂಧನೂರು, ಮಸ್ಕಿ, ಲಿಂಗಸುಗೂರು, ಈ ಮೂರು ಊರಲ್ಲಿ ಒಳ್ಳೆಯ ಕಾಫಿ ಎಲ್ಲಿ ಸಿಗುತ್ತದೆ ಎಂದು ಹುಡುಕುವ ಪೇಜ್. ಚಹಾದ ಸೀಮೆಯಲ್ಲಿ ಕಾಫಿ ಹುಡುಕುವುದೆಂದರೆ ಜೋಳದ ಹೊಲದಲ್ಲಿ ಹೀರೋಯಿನ್ ಹುಡುಕಿದ ಹಾಗೆ. ಆದರೆ ನಮ್ಮ ಅಜ್ಜಿ ಬಸವಣ್ಣೆಮ್ಮನ ನಾಲಿಗೆ ಬೇರೆ. ಹುಡುಗಿಯಾಗಿದ್ದಾಗ ಗೊರೇಬಾಳದ ಹತ್ತಿರ, ಕಾಲುವೆ ನೀರಿಗೆಂದು ಆಂಧ್ರದಿಂದ ಬಂದ ರೈತರ ಕ್ಯಾಂಪಿನಲ್ಲಿ ಫಿಲ್ಟರ್ ಕಾಫಿ ಕುಡಿದು ಪಳಗಿದ ನಾಲಿಗೆ ಅದು. ಒಂದು ಗುಟುಕು ಕುಡಿದು, "ಡಿಕಾಕ್ಷನ್ ನಿನ್ನಿದು", "ಹಾಲಿಗೆ ಪುಡಿ ಕಲಿಸ್ಯಾನ", "ಇದು ಬೋರಿನ ನೀರು, ಕಾಲುವಿದಲ್ಲ" ಎಂದುಬಿಡುವಳು. ಜನ ಮುಗಿಬಿದ್ದು ನೋಡುತ್ತಿದ್ದರು. ಇನ್ನೂರ ಎಪ್ಪತ್ತು ಎಲ್ಲಿಂದ ಬಂತೆಂದು ಈಗ ತಿಳಿಯಿತಲ್ಲ.

ಸಾಲದ್ದಕ್ಕೆ ಹೋದ ವಾರ ಇನ್ನೊಂದು ಕಿತಾಪತಿ ಮಾಡಿದ್ದೆ. ಹಿಂದೆ ಢಂ ಢಂ ಮ್ಯೂಸಿಕ್ ಹಾಕಿ, ಕಪ್ಪು ಕನ್ನಡಕದ ಅಜ್ಜಿಯನ್ನು ಸ್ಲೋ ಮೋಷನ್‌ನಲ್ಲಿ ನಡೆಸಿ, ಗಂಟಲು ಗಡಸು ಮಾಡಿ ಒಂದು ವಿಡಿಯೋ ಬಿಟ್ಟೆ: "ಕಾಫಿ ಫೈನಲ್! ಜಡ್ಜ್ ಬಸವಣ್ಣೆಮ್ಮ ಯಾವ ಹೊತ್ತಿನಾಗ, ಯಾವ ಬಾಗಿಲಾಗ ಎಂಟ್ರಿ ಕೊಡ್ತಾಳ ಅನ್ನೂದು ಆಕಿಗೂ ಗೊತ್ತಿಲ್ಲ. ಲೋಟ ರೆಡಿ ಇಟ್ಕೋರಿ. ಗೆದ್ದ ಹೋಟೆಲಿಗೆ ನಮ್ಮ ಕಡಿಂದ ದೊಡ್ಡ ಬೋರ್ಡ್!" ಫೈನಲ್ಲೂ ಇರಲಿಲ್ಲ, ಬೋರ್ಡೂ ಇರಲಿಲ್ಲ. ಹೋಟೆಲಿನವರು ಬಾಗಿಲು ನೋಡುತ್ತ ಕೂರಲಿ, ನಾಲ್ಕು ದಿನ ಮಜಾ ಇರುತ್ತದೆ ಎಂದಷ್ಟೇ. ಶಿಬಿರಕ್ಕೆ ಹೋಗುವ ದಾರಿ ಅವೇ ಬಾಗಿಲುಗಳ ಮುಂದೆ ಹಾಯುತ್ತದೆ ಎನ್ನುವುದು ತಲೆಗೆ ಹೊಳೆಯಲೇ ಇಲ್ಲ.

ಸೋಮವಾರ ಐದೂವರೆಗೆ ಅಜ್ಜಿ ಸ್ನಾನ ಮಾಡಿ ಸಿದ್ಧಳಾಗಿದ್ದಳು. ಕೊರಳಲ್ಲಿನ ಇಷ್ಟಲಿಂಗವನ್ನು ಅಂಗೈಗೆ ತೆಗೆದುಕೊಂಡು ಪೂಜೆ ಮಾಡದ ಹೊರತು ಅವಳು ಹನಿ ನೀರೂ ಮುಟ್ಟುವುದಿಲ್ಲ. ಗುಳಿಗೆಗೆ ಮಾತ್ರ ರಿಯಾಯಿತಿ. "ಔಷಧಕ್ಕ ಲಿಂಗಪ್ಪ ಏನೂ ಅನ್ನಂಗಿಲ್ಲ" ಎನ್ನುವಳು. ಬಸ್ಸಿಗೆ ಹೊತ್ತಾಗುತ್ತಿದ್ದುದರಿಂದ ಪೂಜೆಯನ್ನು ದಾರಿಯಲ್ಲೆಲ್ಲಾದರೂ ಮಾಡಿಕೊಂಡರಾಯಿತೆಂದು ವಿಭೂತಿ ಗಟ್ಟಿ, ರುದ್ರಾಕ್ಷಿ, ಅಂಗೈಯಗಲದ ತಂಬಿಗೆ ಇದ್ದ ಪೂಜೆಯ ಚೀಲವನ್ನು ಕೈಯಲ್ಲಿ ಹಿಡಿದಿದ್ದಳು.

ಆಗ ನನ್ನ ತಲೆಯಲ್ಲಿ ಹಿನ್ನೆಲೆ ಸಂಗೀತ ಶುರುವಾಯಿತು. ಇನ್ನೂರ ಎಪ್ಪತ್ತು ಅನ್ನುವ ವಿಲನ್ನನ್ನು ಖಾಲಿ ಕೈಯಲ್ಲಿ ಎದುರಿಸುವುದೇ? ಡಾಕ್ಟರಮ್ಮ ಒಂದು ಗುಳಿಗೆಯೂ ಬೇಡ ಅಂದಿದ್ದರು. ನಾನು ಎರಡು ಕೊಟ್ಟೆ.

"ಎರಡ್ಯಾಕಲೇ ಚನ್ನ್ಯಾ?"

"ಡಾಕ್ಟರ್ ಹೇಳ್ಯಾರ ಬೇ."

ನುಂಗಿದಳು.

ಸಿಂಧನೂರಿನಲ್ಲಿ ಇಳಿದಾಗ ಏಳು ಗಂಟೆ. ಲಿಂಗಸುಗೂರಿನ ಬಸ್ಸಿಗೆ ಇನ್ನೂ ಇಪ್ಪತ್ತು ನಿಮಿಷವಿತ್ತು. ಅಜ್ಜಿಯ ತಲೆ ತುಂಬ ಸೆರಗು ಹೊದಿಸಿ ಒಂದು ಕಂಬದ ಮರೆಯಲ್ಲಿ ಕೂರಿಸಿದೆ. ಐದು ನಿಮಿಷ ಕಳೆಯಲಿಲ್ಲ.

"ಅಯ್ಯ, ಜಡ್ಜಮ್ಮ ಬಂದಾಳ!"

ಬಸ್ ಸ್ಟ್ಯಾಂಡಿನ ಎದುರು ಹೋಟೆಲ್ ನಡೆಸುವ ಪಂಪಾವತಿ. ಕೈಯಲ್ಲಿ ಆಗಲೇ ಹಬೆಯಾಡುವ ಲೋಟ.

"ಇವತ್ತ ಬ್ಯಾಡ ಅಕ್ಕ. ಅಜ್ಜಿಗೆ ಆರಾಮಿಲ್ಲ."

"ಆರಾಮಿಲ್ಲಂದ್ರ ಬಿಸಿ ಕುಡಿಬೇಕಪ. ಮಸ್ಕಿ ಮಾಬುಬೀದು ಮೊದಲ ಕುಡದೀರೇನು? ಕುಡದಿರಬೇಕು. ಅದಕ್ಕ ನಂದು ಒಲ್ಲೆ ಅಂತೀರಿ."

"ಹಂಗೇನಿಲ್ಲಕ್ಕ."

"ಮತ್ತ್ಹೆಂಗ? ವಾರ ಆತು, ದಿನಾ ನಾಲ್ಕಕ್ಕ ಎದ್ದು ಕಾಲುವಿ ನೀರು ಸೋಸಿ ಇಡಾಕತ್ತೀನಿ. ನಮ್ಮ ಕೈಯಾಂದು ಕುಡಿಯಂಗಿಲ್ಲ ಅಂದ್ರ ಹಂಗರ ಹೇಳಿಬಿಡು."

ಕೂತವರು ತಿರುಗಿ ನೋಡಿದರು. ನಮ್ಮಲ್ಲಿ ಮುಂದೆ ಹಿಡಿದ ಲೋಟವನ್ನು ಬೇಡವೆಂದರೆ ಅದು ಹೊಟ್ಟೆಯ ಮಾತಾಗಿ ಉಳಿಯುವುದಿಲ್ಲ, ಜಾತಿಯ ಮಾತಾಗುತ್ತದೆ. ಪಂಪಾವತಿಯ ಓಣಿಯವರು ಕೊಟ್ಟದ್ದನ್ನು ನಮ್ಮ ಮನೆಯವರು ಬೇಡವೆಂದರೆ ಅದಕ್ಕೆ ಇರುವ ಅರ್ಥ ಒಂದೇ, ಅದನ್ನು ಅವಳು ಹುಟ್ಟಿದಾಗಿನಿಂದ ಉಂಡಿದ್ದಾಳೆ.

ಅಜ್ಜಿ ಕೈ ಚಾಚಿದಳು. "ಯಾರಂದ್ರು ಹಂಗ? ತಾ ಇಲ್ಲಿ, ನನ್ನ ಮಗಳ. ವಾಸನಿಗೇ ಅರ್ಧ ಪಾಸಾಗೀದಿ. ಪೂಜಿ ಮುಗಿಸಿ ಕುಡಿತೀನಿ. ಚನ್ನ್ಯಾ, ಚೀಲ ಎಲ್ಲೈತಿ?"

ಚೀಲ ಅವಳ ಪಕ್ಕದಲ್ಲೇ ಬೆಂಚಿನ ಮೇಲಿತ್ತು. ಅವಳ ಕೈ ತಡಕಾಡುತ್ತ ಅದರ ಹತ್ತಿರ ಬರುತ್ತಿತ್ತು. ಇನ್ನೊಂದು ಗೇಣು. ನಾನು ಚೀಲವನ್ನು ಸದ್ದಿಲ್ಲದೆ ಎತ್ತಿ ಅಂಗಿಯೊಳಗೆ ತುರುಕಿಕೊಂಡೆ.

"ಚೀಲ ಮನ್ಯಾಗ ಬಿಟ್ಟು ಬಂದೀವಿ ಬೇ."

"ಕೈಯಾಗಿತ್ತಲೋ!"

"ಬಾಗಿಲಾ ಹಾಕೂಮುಂದ ಕಟ್ಟಿ ಮ್ಯಾಲೆ ಇಟ್ಟಿ."

ಅಜ್ಜಿಯ ಮುಖ ಇಳಿಯಿತು. ತಮ್ಮ ಮಠದ ವಿಭೂತಿ ಬಿಟ್ಟು ಬೇರೆಯದನ್ನು ಅವಳು ಹಣೆಗೆ ಮುಟ್ಟಿಸುವವಳಲ್ಲ. "ಪಂಪವ್ವ, ಪೂಜಿ ಇಲ್ಲದ ನನ್ನ ಗಂಟಲಾಗ ಏನೂ ಇಳಿಯಂಗಿಲ್ಲ. ಬ್ಯಾಸರ ಮಾಡ್ಕೋಬ್ಯಾಡ."

"ದೇವರ ವಿಷಯ ಅಂದ್ರ ಬಿಡಬೇ ಯವ್ವ," ಎಂದು ಪಂಪಾವತಿ ತಣ್ಣಗಾಗಿ ಅಜ್ಜಿಯ ಮೊಣಕಾಲು ಮುಟ್ಟಿ ಹೋದಳು.

ಮನಸ್ಸಿನಲ್ಲೇ ಕಾಲರ್ ಎತ್ತಿದೆ. ಇನ್ನು ಮೂರು ಊರಿನ ಹೋಟೆಲೂ ಒಟ್ಟಿಗೆ ಬರಲಿ, ಅಜ್ಜಿಯ ಬಾಯಿಗೆ ಬೀಗ ಬಿದ್ದಿದೆ, ಬೀಗದ ಕೈ ನನ್ನ ಹೊಟ್ಟೆಯ ಮೇಲಿದೆ. ಹಾಗೆಂದುಕೊಂಡೇ ಬಸ್ಸು ಹತ್ತಿದೆ.

ಅರ್ಧ ದಾರಿ ಕಳೆದ ಮೇಲೆ ಅಜ್ಜಿ ಕೇಳಿದಳು, "ಬಸ್ಸು ಯಾಕಲೇ ಇಷ್ಟು ಕುಣಿಯಾಕತ್ತೈತಿ?"

ರಸ್ತೆ ನುಣ್ಣಗಿತ್ತು. "ನೀ ಕುಣಿಯಾಕತ್ತಿ ನೋಡ," ಎಂದು ನಕ್ಕೆ.

ಸ್ವಲ್ಪ ಹೊತ್ತಿಗೆ ನನ್ನನ್ನು ಅಪ್ಪನ ಹೆಸರಿಂದ ಕರೆದಳು. ಆಮೇಲೆ ತಲೆ ಕಿಟಕಿಯ ಸರಳಿಗೆ ವಾಲಿತು. ಕೆಟ್ಟ ಕಾಫಿ ಕುಡಿದಾಗ ಮೂರ್ಛೆ ಹೋದಂತೆ ನಟಿಸುವುದನ್ನು ನಾನೇ ಅವಳಿಗೆ ಕಲಿಸಿದ್ದೆ. ಆ ವಿಡಿಯೋ ಎರಡು ಲಕ್ಷ ಮಂದಿ ನೋಡಿದ್ದರು.

"ನಾಟಕ ಸಾಕು ಬೇ. ಕ್ಯಾಮೆರಾ ಆನ್ ಇಲ್ಲ."

ಅವಳು ನಗಲಿಲ್ಲ. ಕೈ ಹಿಡಿದೆ. ಹಸಿ ಅರಿವೆಯಂತೆ ತಣ್ಣಗಿತ್ತು. ಗದ್ದದಿಂದ ಬೆವರು ಹನಿಹನಿಯಾಗಿ ಸೀರೆಗೆ ಬೀಳುತ್ತಿತ್ತು. ಬೆರಳು ತಾವಾಗಿಯೇ ನಡುಗುತ್ತಿದ್ದವು. ನನ್ನ ತಲೆಯಲ್ಲಿದ್ದ ಸಂಗೀತವೆಲ್ಲ ಒಮ್ಮೆಲೇ ನಿಂತುಹೋಯಿತು.

ಬಸ್ಸು ಮಸ್ಕಿಯಲ್ಲಿ ನಿಂತದ್ದು ಮಾಬುಬೀಯ ಹೋಟೆಲಿನ ಮುಂದೆಯೇ. ಕಿಟಕಿಯಲ್ಲಿ ಅಜ್ಜಿಯ ಕಪ್ಪು ಕನ್ನಡಕ ಕಂಡದ್ದೇ ತಡ, ಲೋಟ ಹಿಡಿದು ಓಡಿ ಬಂದಳು. "ಸಲಾಂ ಜಡ್ಜಮ್ಮಾ! ಇಳಿಬ್ಯಾಡ್ರಿ, ಇಲ್ಲೇ..." ಎಂದವಳು ಅಜ್ಜಿಯ ಮುಖ ನೋಡಿ ಬಸ್ಸನ್ನೇ ಹತ್ತಿದಳು.

"ಏ ಹುಡುಗ, ಈಕಿಗೆ ಸಕ್ಕರಿ ಬ್ಯಾನಿ ಐತೇನು?"

"ಹೂಂ ಚಾಚಿ."

"ಏನು ತಿಂದಾಳ?"

"ಏನಿಲ್ಲ."

"ಗುಳಿಗಿ?"

"ಎರಡು."

"ಯಾ ಅಲ್ಲಾ! ಸಕ್ಕರಿ ಇಳದುಬಿಟ್ಟೈತಿ. ನಮ್ಮ ಮನಿಯವ್ರಿಗೂ ಹಿಂಗ ಆಗಿತ್ತು. ಕುಡಸು, ಜಲ್ದಿ ಕುಡಸು. ಹೊತ್ತಾದ್ರ ಎಚ್ಚರ ತಪ್ಪತಾಳ." ಕೆಳಗೆ ಓಡಿಹೋಗಿ ಸಕ್ಕರೆ ಡಬ್ಬಿ ತಂದು ನಾಲ್ಕು ಚಮಚ ಸುರಿದು ತಿರುಗಿಸಿದಳು.

ಲೋಟವನ್ನು ತುಟಿಗೆ ಹಿಡಿದೆ. ಅಜ್ಜಿ ಹಲ್ಲು ಕಚ್ಚಿದಳು.

"ಪೂಜಿ..." ನಾಲಿಗೆ ತೊದಲುತ್ತಿತ್ತು.

"ಇದು ಔಷಧ ಬೇ! ಔಷಧಕ್ಕ ಲಿಂಗಪ್ಪ ಏನೂ ಅನ್ನಂಗಿಲ್ಲ!"

"ಕಾಫಿ... ಯಾವಾಗ ಔಷಧ ಆತಲೇ... ಫೋನ್ ಹಿಡದೀಯೇನು..."

"ಇಲ್ಲ ಬೇ, ನಿನ್ನಾಣಿ."

"ನಿನ್ನ ಆಣಿ..." ಎಂದು ಮುಖ ಆಚೆ ತಿರುಗಿಸಿದಳು. ಕಾಫಿ ಚೆಲ್ಲಿ ನನ್ನ ಕೈ ಸುಟ್ಟಿತು.

ಮಾಬುಬೀ ಸಕ್ಕರೆಯನ್ನೇ ಬೆರಳಿಗೆ ಹಚ್ಚಿ ತುಟಿಗೆ ಒರೆಸಲು ನೋಡಿದಳು. ಹಲ್ಲು ಬಿಚ್ಚಲಿಲ್ಲ. ಕಂಡಕ್ಟರ್ ಬಂದು ನಿಂತ. ಬಸ್ಸೆಲ್ಲ ನಮ್ಮ ಕಡೆ ತಿರುಗಿತ್ತು. ಅಜ್ಜಿಯ ಕುತ್ತಿಗೆ ಇನ್ನೊಂದಿಷ್ಟು ವಾಲಿತು.

ಅಂಗಿಯ ಗುಂಡಿ ಕಿತ್ತು ಚೀಲ ಹೊರಗೆ ತೆಗೆದು ಅವಳ ಮಡಿಲಲ್ಲಿ ಇಟ್ಟೆ. "ಅಜ್ಜಿ, ಚೀಲ ನಾನ ಮುಚ್ಚಿಟ್ಟಿದ್ದೆ. ನೀ ಕಾಫಿ ಕುಡಿಬಾರದು ಅಂತ. ಗುಳಿಗಿನೂ ಡಾಕ್ಟರ್ ಹೇಳಿರಲಿಲ್ಲ, ನಾನ ಕೊಟ್ಟೆ. ಪೂಜಿ ಮಾಡಬೇ. ಕೈ ಮುಗಿತೀನಿ, ಜಲ್ದಿ ಮಾಡು."

ಬೆರಳುಗಳು ಚೀಲದ ದಾರವನ್ನು ಗುರುತಿಸಿದವು. ವಿಭೂತಿ ಗಟ್ಟಿ ಕೈಯಿಂದ ಜಾರಿ ಎರಡು ತುಂಡಾಯಿತು. ಒಂದು ತುಂಡನ್ನು ಅವಳ ಬೆರಳಿಗೆ ಉಜ್ಜಿದೆ. ಮೂರು ಬೆರಳು ಹಣೆಯ ಮೇಲೆ ಸೊಟ್ಟಗೆ ಎಳೆದಳು. ಕೊರಳಿನಿಂದ ಲಿಂಗ ತೆಗೆದು ಎಡ ಅಂಗೈಯಲ್ಲಿಟ್ಟುಕೊಂಡಳು. ಆ ಅಂಗೈ ನಡುಗುತ್ತಿತ್ತು, ಲಿಂಗ ಬಿದ್ದೀತೆಂದು ಕೆಳಗಿನಿಂದ ನನ್ನ ಎರಡೂ ಕೈ ಒಡ್ಡಿದೆ. ಮಾಬುಬೀ ತನ್ನ ಕೊಡದ ನೀರನ್ನು ತಂಬಿಗೆಗೆ ಹಾಕಿಕೊಟ್ಟಳು. ಅದು ಯಾರ ನೀರೆಂದು ಅಜ್ಜಿ ಕೇಳಲಿಲ್ಲ. ಕಾಣದ ಕಣ್ಣನ್ನು ಅಂಗೈಯಲ್ಲಿ ನೆಟ್ಟಳು. ತುಟಿ ಅಲುಗಿತು, ನಿಂತಿತು. ಕಂಡಕ್ಟರ್ ಸೀಟಿಯನ್ನು ಬಾಯಿಯ ತನಕ ಒಯ್ದು ಕೆಳಗಿಳಿಸಿದ. ತುಟಿ ಮತ್ತೆ ಅಲುಗಿತು.

ನಾನು ಇಷ್ಟು ವರ್ಷ ಆ ಪೂಜೆ ಮುಗಿಯಲೆಂದು ಪಕ್ಕದಲ್ಲಿ ಮೊಬೈಲ್ ನೋಡುತ್ತ ಕಾದಿದ್ದೇನೆ. ಒಂದು ನಿಮಿಷ ಇಷ್ಟು ಉದ್ದ ಇರುತ್ತದೆಂದು ಗೊತ್ತಿರಲಿಲ್ಲ.

ಲಿಂಗ ಕೊರಳಿಗೆ ಹೋಯಿತು. ಬಾಯಿ ತೆರೆಯಿತು. ಮಾಬುಬೀ ಗುಟುಕು ಗುಟುಕಾಗಿ ಕುಡಿಸಿದಳು. ಲೋಟ ಖಾಲಿಯಾಗಿ ಹತ್ತು ನಿಮಿಷವಾದರೂ ಬಸ್ಸು ಹೊರಡಲಿಲ್ಲ, ಯಾರೂ ಕೇಳಲೂ ಇಲ್ಲ. ಆಮೇಲೆ ಅಜ್ಜಿ ಸೆರಗಿನಿಂದ ಮುಖ ಒರೆಸಿಕೊಂಡಳು.

"ಇದು ಕಾಫಿ ಅಲ್ಲಬೇ ಮಾಬು. ಪಾಕ."

"ಫೇಲ್ ಮಾಡಬ್ಯಾಡ್ರಿ ಜಡ್ಜಮ್ಮ," ಎಂದಳು ಮಾಬುಬೀ. ಕಣ್ಣು ಒದ್ದೆಯಾಗಿದ್ದವು.

"ಇನ್ನೊಮ್ಮೆ ಬರ್ತೀನಿ. ಸಕ್ಕರಿ ಇಲ್ಲದ ಕೊಡು. ಆವಾಗ ಹೇಳ್ತೀನಿ."

ಮಸ್ಕಿಯಿಂದ ಲಿಂಗಸುಗೂರಿನವರೆಗೆ ಅಜ್ಜಿ ನನ್ನ ಜೊತೆ ಮಾತಾಡಲಿಲ್ಲ. ನಾನು ಆ ನಾಲ್ಕು ಚಮಚವನ್ನೇ ಲೆಕ್ಕ ಹಾಕುತ್ತ ಕೂತೆ.

ಹತ್ತು ಗಂಟೆಗೆ ನರ್ಸ್ ಬೆರಳು ಚುಚ್ಚಿದಳು. ಮಶೀನು ಐದು ಸೆಕೆಂಡು ಯೋಚಿಸಿತು. ನೂರ ಅರವತ್ತೆರಡು.

ಪಾಸ್. ಪಟ್ಟಿಯಲ್ಲಿ ಅಜ್ಜಿಯ ಹೆಸರು ಮೂರನೆಯದು. ಡಾಕ್ಟರಮ್ಮ ಶೈಲಜಾ ಚೀಟಿಯಿಂದ ತಲೆ ಎತ್ತದೆ ಕೇಳಿದರು, "ಏನೂ ತಿಂದಿಲ್ಲಲ್ಲ? ಗುಳಿಗಿ ಕೊಟ್ಟಿಲ್ಲಲ್ಲ?"

ಎರಡೂ ಪ್ರಶ್ನೆಗೆ 'ಇಲ್ಲರೀ' ಎಂಬ ಒಂದೇ ಉತ್ತರ ಸಾಕಿತ್ತು. ನನ್ನ ಜೀವನದಲ್ಲಿ ಇದಕ್ಕಿಂತ ಸಲೀಸಾದ ಸುಳ್ಳು ಸಿಕ್ಕಿರಲಿಲ್ಲ. ಅಜ್ಜಿ ನನ್ನ ಕಡೆ ಮುಖ ಮಾಡಿ ಕೂತಿದ್ದಳು.

"ಕೊಟ್ಟೀನ್ರೀ. ಎರಡು. ಮಸ್ಕ್ಯಾಗ ಸಕ್ಕರಿ ಇಳದು ಎಚ್ಚರ ತಪ್ಪಾಕತ್ತಿದ್ಲು. ನಾಲ್ಕು ಚಮಚ ಸಕ್ಕರಿ ಹಾಕಿ ಕಾಫಿ ಕುಡಿಸೀವಿ."

ಡಾಕ್ಟರಮ್ಮ ಪೆನ್ನು ಇಟ್ಟರು. "ತಮಾಷಿ ಮಾಡಾಕತ್ತೀಯೇನು?"

"ಇಲ್ಲರೀ ಮೇಡಂ."

ಅವರು ಮೂರನೆಯ ಹೆಸರನ್ನು ಹೊಡೆದುಹಾಕಿದರು. "ಆ ಗುಳಿಗಿ ಸಂಜಿ ತನಕ ಕೆಲಸ ಮಾಡ್ತೈತಿ. ಟೇಬಲ್ ಮ್ಯಾಲೆ ಮತ್ತ ಇಳದಿದ್ರ? ತಾಸಿಗೊಮ್ಮೆ ನೋಡ್ತೀವಿ. ಸಕ್ಕರಿ ಒಂದ ಮಟ್ಟಕ್ಕ ನಿಂತ್ರ ಕಡೀಗೆ ತಗೊಂತೀನಿ. ನಿಲ್ಲಲಿಲ್ಲಂದ್ರ ಇಲ್ಲ."

ಹನ್ನೊಂದಕ್ಕೆ ನೂರ ಹತ್ತು. ಹನ್ನೆರಡಕ್ಕೆ ಎಪ್ಪತ್ತೆಂಟು. ನರ್ಸ್ ಗಂಜಿ ಕುಡಿಸಿದಳು. ಒಂದಕ್ಕೆ ನೂರ ಮೂವತ್ತು. ಒಬ್ಬೊಬ್ಬರೇ ಒಳಗೆ ಹೋಗಿ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಬರುತ್ತಿದ್ದರು. ಬೆಂಚು ಖಾಲಿಯಾಗುತ್ತ ಬಂತು.

"ಸುಮ್ಮ ಇದ್ದಿದ್ರ ಇಷ್ಟೊತ್ತಿಗೆ ನಂದೂ ಮುಗೀತಿತ್ತು," ಎಂದಳು ಅಜ್ಜಿ. ಮಸ್ಕಿ ಬಿಟ್ಟ ಮೇಲೆ ನನಗೆ ಆಡಿದ ಮೊದಲ ಮಾತು.

"ಹೆದರಿಕಿ ಆತು ಬೇ."

"ನನಗೂ ಆಗಿತ್ತು. ನೀ ಸುಳ್ಳ ಹೇಳ್ತಿ ಅಂತ." ಸೆರಗು ಸರಿಮಾಡಿಕೊಂಡು, "ಆ ಪಂಪವ್ವನ ಮುಂದ ನಿಜ ಹೇಳಿ ಬರಬೇಕು. ಆಕಿ ಕೈಯಾಂದು ಕುಡದ ಬರಬೇಕು," ಎಂದಳು.

ಎರಡಕ್ಕೆ ನೂರ ಇಪ್ಪತ್ತು. ಮೂರಕ್ಕೆ ನೂರ ಇಪ್ಪತ್ತೆರಡು. ನಾಲ್ಕಕ್ಕೆ ನರ್ಸ್ ಮಶೀನು ಹಿಡಿದು ಬರಲಿಲ್ಲ. ಆಪರೇಷನ್ನಿನ ಹಸಿರು ಟೊಪ್ಪಿಗೆ ಹಿಡಿದು ಬಂದಳು.

ಮರುದಿನ ಬೆಳಿಗ್ಗೆ ಪಟ್ಟಿ ಬಿಚ್ಚುವಾಗ ಡಾಕ್ಟರಮ್ಮ ನನ್ನನ್ನು ಬಾಗಿಲ ಹತ್ತಿರ ನಿಲ್ಲಿಸಿ, ಬೆರಳು ತೋರಿಸಲು ಹೇಳಿದರು. ಅಜ್ಜಿ ಬಲಗಣ್ಣು ನಾಲ್ಕು ಸಲ ಮಿಟುಕಿಸಿದಳು. ನೀರು ಸುರಿಯಿತು. ಒರೆಸಿಕೊಂಡು ಮತ್ತೆ ನೋಡಿದಳು. ನನ್ನ ಕೈ ಮೇಲೆಯೇ ನಿಂತಿತ್ತು.

"ಎಷ್ಟು ಬೆರಳು ಬಸವಣ್ಣೆಮ್ಮ?"

"ಮೂರು," ಎಂದಳು ಅಜ್ಜಿ. "ಉಗುರು ತಕ್ಕೋಲೇ ಚನ್ನ್ಯಾ, ಹೊಲಸ ಕುಂತೈತಿ."