ಕಲ್ಲಿನ ಪಾಲು

ಸಾನ್ ಬಾರ್ತೊಲೊ ಊರಿನ ಮೇಲಿನ ಗುಡ್ಡಕ್ಕೆ ಬೆಂಕಿ ಬಿದ್ದು ಪೈನ್ ಕಾಡು ಸುಟ್ಟುಹೋಗಿ ಎರಡು ವರ್ಷವಾದ ಮೇಲೆ ಊರ ಸಭೆ ಒಂದು ತೀರ್ಮಾನಕ್ಕೆ ಬಂತು. ಇಳಿಜಾರನ್ನು ನಲವತ್ತು ಪಾಲು ಮಾಡುವುದು, ಮನೆಗೊಂದು ಪಾಲು ಹಂಚುವುದು, ಊರ ನರ್ಸರಿಯಿಂದ ಸಸಿ ಕೊಡುವುದು. ಮರ ಬೆಳೆಸಿದ ಮನೆಯವರಿಗೇ ಮುಂದೆ ಅದರ ರಾಳ ಇಳಿಸುವ ಹಕ್ಕು. ಆದರೆ ಮೊದಲ ಬೇಸಿಗೆ ದಾಟುವಷ್ಟರಲ್ಲಿ ಸಸಿಗಳಲ್ಲಿ ಅರ್ಧವಾದರೂ ಬದುಕಿರಬೇಕು; ಇಲ್ಲವಾದರೆ ಮತ್ತೆ ನೆಡಬೇಕು. ಎರಡನೆಯ ಸಲವೂ ಸತ್ತರೆ ಪಾಲು ಬೇರೆ ಮನೆಗೆ.

ಕಾಡಿನ ಯಜಮಾನಿಕೆ ಆಗ ತಾತಾ ಅನ್ಸೆಲ್ಮೊನದು. ಅವನ ಹುಲ್ಲಿನ ಟೋಪಿಯೊಳಗೆ ಚೀಟಿ ಹಾಕಿ ಒಬ್ಬೊಬ್ಬರನ್ನೇ ಕರೆದರು. ದೆಲ್ಫಿನೊನ ಕೈಗೆ ಒಂಬತ್ತನೆಯ ಪಾಲು ಬಂತು. ಅದು ಗುಡ್ಡದ ಮಡಿಲಿನ ತಗ್ಗು. ಹಿಂದೆಂದೋ ಬೆಟ್ಟ ಉಗುಳಿದ ಬೂದಿಯೆಲ್ಲ ಜಾರಿ ಬಂದು ತುಂಬಿಕೊಂಡ ಜಾಗ. ಸೊಂಟದಾಳದವರೆಗೂ ಒಂದು ಹರಳೂ ಸಿಗದ ಕಪ್ಪು ಮಣ್ಣು. ಅದಕ್ಕೆ ಆ ಸೀಮೆಯಲ್ಲಿ ತುಪುರಿ ಎನ್ನುತ್ತಾರೆ. ಕೈಯಲ್ಲಿ ಹಿಡಿದರೆ ಭಾರವೇ ಇಲ್ಲ, ಜರಡಿ ಹಿಡಿದ ಹಿಟ್ಟಿನ ಹಾಗೆ. ದೆಲ್ಫಿನೊ ಚೀಟಿಯನ್ನು ಎಲ್ಲರಿಗೂ ಕಾಣುವ ಹಾಗೆ ಎತ್ತಿ ತೋರಿಸಿ, ಮಡಚಿ ಜೇಬಿಗಿಟ್ಟುಕೊಂಡ.

ಅವನ ಪಕ್ಕದ ಹತ್ತನೆಯ ಪಾಲು ಬಂದದ್ದು ಲಿಬ್ರಾದಾಗೆ. ಚೀಟಿ ಓದಿದ ಕೂಡಲೇ ಸಭೆಯಲ್ಲಿ ನಗು ಎದ್ದಿತು. ಹತ್ತನೆಯದೆಂದರೆ ಹಿಂದೆ ಆ ಬೆಟ್ಟ ಉಗುಳಿದ ಲಾವಾರಸ ಹರಿದು ಆರಿದ ಬಂಡೆಸಾಲು. ಅಲ್ಲಿ ಕಾಲಿಟ್ಟಲ್ಲೆಲ್ಲ ಕಲ್ಲು. ಕಲ್ಲಿನ ಸಂದಿಯಲ್ಲಿ ಒಂದಿಷ್ಟು ಮಣ್ಣು, ಮಣ್ಣಿನ ಕೆಳಗೆ ಮತ್ತೆ ಕಲ್ಲು.

ಲಿಬ್ರಾದಾ ಊರ ಹಿಟ್ಟಿನ ಗಿರಣಿ ನಡೆಸುವ ವಿಧವೆ, ಐವತ್ತೆಂಟರ ಹೆಂಗಸು. ದೆಲ್ಫಿನೊನ ಮಗಳ ಜ್ಞಾನಸ್ನಾನದ ದಿನ ಧರ್ಮತಾಯಿಯಾಗಿ ಕೂಸನ್ನು ಎತ್ತಿ ಹಿಡಿದವಳು ಅವಳೇ. ಅಂದಿನಿಂದ ಅವಳು ಅವನಿಗೆ ಕೊಮಾದ್ರೆ, ಅವನು ಅವಳಿಗೆ ಕೊಂಪಾದ್ರೆ. ಈ ನಂಟು ಬೆಳೆದ ಮೇಲೆ ಬಹುವಚನ ಬಿಟ್ಟು ಮಾತಾಡುವ ಹಾಗಿಲ್ಲ. ಅದಕ್ಕೇ ಇಪ್ಪತ್ತಾರು ವರ್ಷದಿಂದ ಇಬ್ಬರೂ ಒಬ್ಬರನ್ನೊಬ್ಬರು ತುಂಬು ಮರ್ಯಾದೆಯಿಂದಲೇ ಗೋಳುಹೊಯ್ದುಕೊಳ್ಳುತ್ತಿದ್ದರು.

"ಕೊಮಾದ್ರೆ, ನೀವು ಗುದ್ದಲಿ ತರೋದು ಬೇಡ ಬಿಡಿ," ಎಂದ ದೆಲ್ಫಿನೊ. "ಸುತ್ತಿಗೆ ಉಳಿ ತನ್ನಿ. ಸಸಿ ಬರದಿದ್ರೂ ಒಂದು ಒಳ್ಳೆ ರುಬ್ಬುಗಲ್ಲಾದ್ರೂ ಸಿಗುತ್ತೆ."

"ಸಿಕ್ರೆ ನಿಮ್ಮ ಮನೆಗೇ ಕಳಿಸ್ತೀನಿ," ಎಂದಳು ಲಿಬ್ರಾದಾ. "ಅಲ್ಲಿರೋದು ನಿಮ್ಮ ಮಾತಿನ ಥರಾನೇ ಸವೆದುಹೋಗಿದೆ."

ದೆಲ್ಫಿನೊ ಮೂವತ್ತು ವರ್ಷ ಪೈನ್ ಮರಗಳಿಂದ ರಾಳ ಇಳಿಸಿದವನು. ಕಾಡಿನ ವಿಚಾರದಲ್ಲಿ ತನಗೆ ಗೊತ್ತಿಲ್ಲದ್ದೇನಾದರೂ ಇದ್ದರೆ ಅದು ತಿಳಿಯಬೇಕಾದದ್ದೇ ಅಲ್ಲ ಎಂಬ ನಂಬಿಕೆ ಅವನದು. ಜುಲೈ ಮಳೆ ಹಿಡಿದ ಕೂಡಲೇ ಅವನು ಆರುನೂರು ಸಸಿಗಳನ್ನು ಎರಡೇ ದಿನದಲ್ಲಿ ನೆಟ್ಟು ಮುಗಿಸಿದ. ತುಪುರಿಯಲ್ಲಿ ಗುಂಡಿ ತೋಡಲು ಗುದ್ದಲಿಯೂ ಬೇಕಿರಲಿಲ್ಲ, ಒಂದು ಗೂಟ ಊರಿ ತಿರುಗಿಸಿದರೆ ಸಾಕಿತ್ತು. ಹಗ್ಗ ಕಟ್ಟಿ ನೆಟ್ಟದ್ದರಿಂದ ಸಾಲುಗಳು ಶಾಲೆಯ ಮಕ್ಕಳ ಹಾಗೆ ನೆಟ್ಟಗೆ ನಿಂತವು.

ಲಿಬ್ರಾದಾಗೆ ಹನ್ನೊಂದು ದಿನ ಹಿಡಿಯಿತು. ಹಾರೆಯಿಂದ ಕಲ್ಲು ಮೀಟಿ, ಬೆರಳಿನಲ್ಲಿ ಮಣ್ಣು ಕೆದಕಿ, ಒಂದೊಂದು ಸಸಿಯನ್ನೂ ಯಾವುದೋ ಒಂದು ದೊಡ್ಡ ಕಲ್ಲಿನ ಮಗ್ಗುಲಿಗೆ ಒತ್ತಿ ನೆಟ್ಟಳು. ಸಾಲಿಲ್ಲ, ಅಂತರವಿಲ್ಲ, ಸಂತೆ ಮುಗಿದ ಮೇಲೆ ನಿಂತ ಜನರ ಹಾಗೆ ಅಲ್ಲೊಂದು ಇಲ್ಲೊಂದು. ಕಿತ್ತ ಕಲ್ಲುಗಳನ್ನು ಗಡಿಯಲ್ಲಿ ರಾಶಿ ಹಾಕಿದಳು. ದೆಲ್ಫಿನೊ ದಿನಾ ಮಧ್ಯಾಹ್ನ ರೊಟ್ಟಿ ಗಂಟು ಹಿಡಿದು ಗಡಿಗೆ ಬಂದು ಕೂತು, ಅವಳು ಬೆವರುವುದನ್ನು ನೋಡುತ್ತ ಉಣ್ಣುತ್ತಿದ್ದ.

"ಕೊಮಾದ್ರೆ, ಆ ಸಸಿ ಕಲ್ಲನ್ನ ಮದುವೆ ಆಗೋ ಹಾಗೆ ಒರಗಿಕೊಂಡಿದೆಯಲ್ಲ."

"ಒರಗಲಿ ಬಿಡಿ. ಕಲ್ಲು ನಿಮ್ಮ ಥರಾ ಎದ್ದು ಹೋಟೆಲಿಗೆ ಹೋಗಲ್ಲ."

ಅಕ್ಟೋಬರಿನವರೆಗೆ ದೆಲ್ಫಿನೊನ ಪಾಲೇ ಚೆಂದ. ನೋಡಲು ಬಂದವರೆಲ್ಲ ಹೊಗಳಿ ಹೋದರು. ಡಿಸೆಂಬರಿನಲ್ಲಿ ಹಿಮ ಸುರುವಾಯಿತು. ಗುಡ್ಡದ ಚಳಿಯೆಲ್ಲ ಇಳಿದು ಬಂದು ನಿಲ್ಲುವುದು ತಗ್ಗಿನಲ್ಲೇ ಎಂಬುದು ಅವನಿಗೆ ಗೊತ್ತಿರದ ವಿಷಯವೇನಲ್ಲ. ಸಂತೋಷದಲ್ಲಿ ನೆನಪಾಗಿರಲಿಲ್ಲ, ಅಷ್ಟೆ. ಸ್ಪಂಜಿನ ಹಾಗೆ ನೀರು ಕುಡಿದಿದ್ದ ಮಣ್ಣಿನೊಳಗೆ ನೀರು ಸೂಜಿಸೂಜಿಯಾಗಿ ಹೆಪ್ಪುಗಟ್ಟಿ ಎದ್ದು, ಸಸಿಗಳನ್ನು ಬೇರುಸಮೇತ ಮೇಲಕ್ಕೆತ್ತುತ್ತಿತ್ತು. ಬಿಸಿಲೇರಿದ ಮೇಲೆ ಸೂಜಿ ಕರಗಿ ಸಸಿ ಮಗ್ಗುಲಾಗಿ ಮಲಗುತ್ತಿತ್ತು. ಅವನು ದಿನಾ ಹೋಗಿ ಅವನ್ನು ಎತ್ತಿ ನಿಲ್ಲಿಸಿ, ಬುಡ ಒತ್ತಿ ಬರುತ್ತಿದ್ದ. ಮರುದಿನ ಹೋದರೆ ಮತ್ತೆ ಮಲಗಿರುತ್ತಿದ್ದವು.

ಮಾರ್ಚಿಗೆ ತುಪುರಿ ಒಣಗಿ ಬರಿಯ ಧೂಳಾಯಿತು. ಅವನ ಕತ್ತೆಯ ಹೆಸರು ಕ್ಯಾಪ್ಟನ್. ಅದರ ಬೆನ್ನಿಗೆ ನೀರಿನ ಡಬ್ಬಗಳನ್ನು ಕಟ್ಟಿ ಹತ್ತಿಸಿಕೊಂಡು ಹೋಗಿ ಸಸಿಯ ಬುಡಕ್ಕೆ ಹೊಯ್ದರೆ, ನೀರು ಒಳಗಿಳಿಯಲೇ ಇಲ್ಲ. ಮುತ್ತಿನ ಹಾಗೆ ಉಂಡೆಗಟ್ಟಿ, ಮೈಗೆ ಧೂಳು ಮೆತ್ತಿಕೊಂಡು ಉರುಳಿ ಹೋಯಿತು. ಅಷ್ಟು ಕುಡಿಯುವ ಮಣ್ಣು ಒಮ್ಮೆ ಪೂರಾ ಒಣಗಿದರೆ ಮುನಿಸಿಕೊಂಡವರ ಹಾಗೆ ಬಾಯೇ ತೆರೆಯುವುದಿಲ್ಲ. ಏಪ್ರಿಲಿನಲ್ಲಿ ನೋಡಿದಾಗ ಆರುನೂರರಲ್ಲಿ ಹಸಿರಾಗಿ ಉಳಿದದ್ದು ತೊಂಬತ್ತೋ ನೂರೋ.

ಆ ದಿನ ಅವನು ಮೊದಲ ಸಲ ಗಡಿ ದಾಟಿ ಲಿಬ್ರಾದಾಳ ಪಾಲಿಗೆ ಕಾಲಿಟ್ಟ. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡೇ ಹೋದ. ಸಸಿಗಳೆಲ್ಲ ಇದ್ದವು. ಕಲ್ಲಿನ ನೆರಳಿನಲ್ಲಿ, ಗಾಳಿಗೆ ಬೆನ್ನು ಹಾಕಿ, ಗೇಣುದ್ದ ಬೆಳೆದು ತುದಿಯಲ್ಲಿ ಹೊಸ ಚಿಗುರು ಬಿಟ್ಟಿದ್ದವು. ಅವನು ಕುಕ್ಕರಗಾಲಿನಲ್ಲಿ ಕೂತು ಒಂದು ಕಲ್ಲನ್ನು ಸರಿಸಿ ಅಡಿಯ ಮಣ್ಣು ಹಿಡಿದ. ಮೇಲಿನಿಂದ ನೋಡಿದರೆ ಒಣ ಮಣ್ಣೇ. ಬೆರಳ ನಡುವೆ ಹಿಸುಕಿ ಉಜ್ಜಿದಾಗ ಅದು ಇದ್ದಕ್ಕಿದ್ದಂತೆ ಜಿಡ್ಡುಜಿಡ್ಡಾಗಿ ನೀರು ಬಿಟ್ಟಿತು, ಅಂಗೈ ಒದ್ದೆಯಾಯಿತು. ನಾಲ್ಕು ತಿಂಗಳಿಂದ ಒಂದು ಹನಿ ಮಳೆ ಬಿದ್ದಿರಲಿಲ್ಲ. ಅವನು ಇನ್ನೊಂದು ಕಲ್ಲು ಸರಿಸಿದ, ಮತ್ತೊಂದು ಸರಿಸಿದ. ಎಲ್ಲದರ ಅಡಿಯಲ್ಲೂ ಹಾಗೇ ಇತ್ತು. ಕಲ್ಲು ಮುಚ್ಚಳವಾಗಿ ಕೂತು ಹಸಿಯನ್ನು ಹಾರಲು ಬಿಟ್ಟಿರಲಿಲ್ಲ. ಹಗಲಿನ ಬಿಸಿಯನ್ನು ಹಿಡಿದಿಟ್ಟುಕೊಂಡು ಇರುಳ ಹಿಮವನ್ನೂ ತಡೆದಿತ್ತು. ಮೂವತ್ತು ವರ್ಷ ಇದೇ ಕಲ್ಲುಗಳ ಮೇಲೆ ಎಡವಿ ಬೈಯುತ್ತ ಓಡಾಡಿದವನು ಅವನು. ಸರಿಸಿದ ಕಲ್ಲುಗಳನ್ನೆಲ್ಲ ಇದ್ದ ಹಾಗೆಯೇ ಇಟ್ಟು, ಕೈಯನ್ನು ಚಡ್ಡಿಗೆ ಒರೆಸಿಕೊಂಡು ಮನೆಗೆ ಬಂದ. ಹೆಂಡತಿ ಏನಾಯಿತೆಂದು ಕೇಳಿದ್ದಕ್ಕೆ ಹೊಟ್ಟೆ ಸರಿಯಿಲ್ಲ ಎಂದ.

ಮುಂದಿನ ಜುಲೈಗೆ ಮತ್ತೆ ನೆಡಬೇಕು, ಅದಕ್ಕೆ ಮೊದಲು ತಗ್ಗಿಗೆ ಕಲ್ಲು ಬೇಕು. ತನ್ನ ಪಾಲಿನಲ್ಲಿ ಹುಡುಕಿದರೂ ಒಂದು ಕಲ್ಲಿಲ್ಲ. ಹತ್ತಿರದಲ್ಲಿ ಇರುವುದೆಂದರೆ ಲಿಬ್ರಾದಾ ಗಡಿಯಲ್ಲಿ ಹಾಕಿದ ರಾಶಿ. ಕೇಳಿದರೆ ಅವಳು ಇಲ್ಲವೆನ್ನುವವಳಲ್ಲ. ಆದರೆ ಕೇಳುವುದಕ್ಕೆ ಬಾಯಿ ತೆರೆಯಬೇಕಲ್ಲ; ಅವಳ ಗಿರಣಿಯಲ್ಲಿ ಬೆಳಿಗ್ಗೆ ಆಡಿದ ಮಾತು ರೊಟ್ಟಿ ಬೇಯುವಷ್ಟರಲ್ಲಿ ಊರೆಲ್ಲ ಸುತ್ತುತ್ತದೆ.

ಹಾಗಾಗಿ ಭಾನುವಾರ, ಊರೆಲ್ಲ ಪೂಜೆಗೆಂದು ಚರ್ಚಿಗೆ ಹೋದ ಹೊತ್ತಿನಲ್ಲಿ, ಅವನು ಕ್ಯಾಪ್ಟನ್‌ಗೆ ಮೈ ಹುಷಾರಿಲ್ಲವೆಂದು ಹೆಂಡತಿಗೆ ಹೇಳಿ ಉಳಿದುಕೊಂಡ. ಹುಷಾರಿಲ್ಲದ ಕ್ಯಾಪ್ಟನ್ ಅಂದು ಹದಿನಾಲ್ಕು ಹೇರು ಕಲ್ಲು ಹೊತ್ತಿತು. ಮುಂದಿನ ಭಾನುವಾರ ಹದಿನಾರು. ರಾಶಿ ಕರಗಿದ್ದು ತಿಳಿಯದಿರಲೆಂದು ಅವನು ಉಳಿದ ಕಲ್ಲುಗಳನ್ನು ಜೋಡಿಸಿ, ಸುತ್ತಲಿನ ನೆಲವನ್ನು ಪೈನ್ ಸೊಪ್ಪಿನಿಂದ ಗುಡಿಸಿ ಬಂದ.

ಮೂರನೆಯ ಭಾನುವಾರ ಹೋದಾಗ ರಾಶಿಯ ಮೇಲೆ ಲಿಬ್ರಾದಾ ಕೂತಿದ್ದಳು. ನೀಲಿ ಶಾಲು ಹೊದ್ದು, ಮಡಿಲಲ್ಲಿ ಬುಟ್ಟಿಯಿಟ್ಟುಕೊಂಡು, ಮೆಕ್ಕೆಜೋಳದ ಎಲೆ ಬಿಡಿಸಿ ಬಿಸಿ ಕಡುಬು ತಿನ್ನುತ್ತಿದ್ದಳು.

"ಬನ್ನಿ ಕೊಂಪಾದ್ರೆ. ಕ್ಯಾಪ್ಟನ್‌ಗೆ ಹೇಗಿದೆ? ಪಾಪ, ಊರೆಲ್ಲ ಅದಕ್ಕೋಸ್ಕರ ಪ್ರಾರ್ಥನೆ ಮಾಡ್ತಿದೆ."

ದೆಲ್ಫಿನೊ ಹಿಂದೆ ತಿರುಗಿ ಕತ್ತೆಯನ್ನು ನೋಡಿದ. ಅದು ತಾನೇ ತಾನಾಗಿ ರಾಶಿಯ ಬಳಿಗೆ ಹೋಗಿ, ಅಭ್ಯಾಸಬಲದಿಂದ, ಬೆನ್ನು ಕೊಟ್ಟು ನಿಂತಿತು.

"ಸ್ವಲ್ಪ ಪರವಾಗಿಲ್ಲ," ಎಂದ.

"ಕಡುಬು ತಗೊಳ್ಳಿ. ಕಲ್ಲು ಹೊತ್ತು ಹಸಿದಿರ್ತೀರಿ."

"ನಿಮಗೆ ಯಾವಾಗ ಗೊತ್ತಾಯ್ತು?"

"ಮೊದಲ ವಾರವೇ. ಕದ್ದವರು ಯಾರಾದ್ರೂ ಕಸ ಗುಡಿಸಿ ಹೋಗ್ತಾರಾ? ಈ ಬೆಟ್ಟದಲ್ಲಿ ಗುಡಿಸಿದ ನೆಲ ನೋಡಿದ್ದು ಇದೇ ಮೊದಲು."

ದೆಲ್ಫಿನೊ ಕಡುಬು ತೆಗೆದುಕೊಂಡ, ತಿನ್ನಲಿಲ್ಲ. ಅವನ ಕಿವಿಗಳು ಸುಡುತ್ತಿದ್ದವು.

"ಕೇಳೋದಲ್ವಾ ಕೊಂಪಾದ್ರೆ?" ಎಂದಳು ಅವಳು, ಈ ಸಲ ಮೆತ್ತಗೆ.

"ಕೇಳಿದ್ರೆ ನೀವು ನಗ್ತಿದ್ರಿ."

"ಈಗಲೂ ನಗ್ತಿದೀನಲ್ಲ. ಎರಡು ಭಾನುವಾರದ ಪೂಜೆ ತಪ್ಪಿದ್ದು ದಂಡ."

ಅವಳು ಎದ್ದು, ಸೊಂಟ ಹಿಡಿದುಕೊಂಡು, ಅವನ ಪಾಲಿಗೆ ಇಳಿದಳು. ಅವನು ತಂದು ಇಟ್ಟ ಕಲ್ಲುಗಳ ನಡುವೆ ಒಂದು ಸುತ್ತು ಹಾಕಿದಳು. ಅಲ್ಲೂ ಅವನು ಹಗ್ಗ ಕಟ್ಟಿ ಸಾಲುಸಾಲಾಗಿ ಇಟ್ಟಿದ್ದ.

"ಊಟಕ್ಕೆ ತಟ್ಟೆ ಹಾಕಿದ ಹಾಗಿದೆ," ಎಂದಳು ಕೊನೆಗೆ. "ಮೇಲೆ ಇಟ್ರೆ ಆಗಲ್ಲ ಕೊಂಪಾದ್ರೆ. ಒಂದೊಂದು ಕಲ್ಲನ್ನೂ ಮೂರರಲ್ಲಿ ಒಂದು ಪಾಲು ಹೂಳಿ. ಪಾಚಿ ಇರೋ ಮಗ್ಗುಲು ಮೊದಲು ಯಾವ ಕಡೆ ಇತ್ತೋ ಆ ಕಡೆಗೇ ಇರಲಿ, ಸಸಿ ಆ ನೆರಳಿಗೆ ಬರಲಿ. ಇನ್ನೂ ಐನೂರು ಕಲ್ಲು ಬೇಕು ನಿಮಗೆ. ನನ್ನ ರಾಶಿ ಪೂರ್ತಿ ತಗೊಳ್ಳಿ, ಸಾಲದಿದ್ರೆ ಮೇಲಿಂದ ಕೀಳಿ. ಆದ್ರೆ ಒಂದು ಮಾತು."

ಅವನಿಗೆ ಅದು ಏನೆಂದು ಗೊತ್ತಿತ್ತು.

"ಸಭೇಲಿ ಹೇಳ್ಬೇಕು," ಎಂದಳು ಲಿಬ್ರಾದಾ. "ತಗ್ಗಿನ ಪಾಲಿನವರು ಇನ್ನೂ ಹನ್ನೊಂದು ಮನೆ ಇದಾರೆ. ಅವರದ್ದೂ ಸತ್ತಿದೆ. ನಾನು ಹೇಳಿದ್ರೆ ಗಿರಣಿಯವಳ ಮಾತು ಅಂತಾರೆ. ನೀವು ಹೇಳಿದ್ರೆ ಕೇಳ್ತಾರೆ."

ಮೇ ತಿಂಗಳ ಸಭೆಗೆ ಊರೆಲ್ಲ ಸೇರಿತ್ತು. ತಾತಾ ಅನ್ಸೆಲ್ಮೊ ಪಾಲುಗಳ ಲೆಕ್ಕ ಓದಿ ಮುಗಿಸಿ, ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡ.

"ದೆಲ್ಫಿನೊ ಏನೋ ಹೇಳ್ಬೇಕಂತೆ. ಅದಕ್ಕೆ ಮೊದ್ಲು ಒಂದು ವಿಷಯ. ಕಲ್ಲು ಕಳುವಾಗಿದೆ ಅಂತ ನನ್ನ ಕಿವಿಗೆ ಬಿದ್ದಿದೆ. ನಮ್ಮೂರಲ್ಲಿ ಕಲ್ಲು ಕದಿಯೋ ಅಷ್ಟು ಬಡತನ ಯಾವಾಗ ಬಂತಪ್ಪ?"

ನಗು ಅಡಗುವವರೆಗೆ ದೆಲ್ಫಿನೊ ನಿಂತೇ ಇದ್ದ. ಆಮೇಲೆ ಹೇಳಿದ. ತಾನು ನೆಟ್ಟದ್ದು, ಸತ್ತದ್ದು, ನೀರು ಉರುಳಿ ಹೋದದ್ದು, ಕಲ್ಲಿನಡಿಯ ಮಣ್ಣು ಹಿಸುಕಿದಾಗ ಅಂಗೈ ಒದ್ದೆಯಾದದ್ದು, ಎಲ್ಲವನ್ನೂ ಒಂದೂ ಬಿಡದೆ ಹೇಳಿದ. ಆ ಮಣ್ಣನ್ನೇ ಒಂದು ಹಿಡಿ ಕರವಸ್ತ್ರದಲ್ಲಿ ಕಟ್ಟಿ ತಂದಿದ್ದ. ಅದನ್ನು ಮುಂದಿನ ಸಾಲಿನವರ ಕೈಗೆ ಕೊಟ್ಟು ಹಿಸುಕಿಸಿದ. ಅಲ್ಲಿಂದ ಹಿಂದಿನ ಸಾಲಿಗೆ ಹೋಗುತ್ತ ಹೋಗುತ್ತ ಉಳಿದಿದ್ದ ಮುಸಿನಗೆಯೂ ನಿಂತಿತು. ಮಾತು ಮುಗಿಸುವಾಗ ಅವನು, ಕೊಮಾದ್ರೆ ಲಿಬ್ರಾದಾಗೆ ಇರುವ ತಿಳಿವು ಮೂವತ್ತು ವರ್ಷ ಕಾಡಿನಲ್ಲಿ ತಿರುಗಿದ ತನಗಿರಲಿಲ್ಲ, ಅವಳು ಒಂದೊಂದು ಸಸಿಗೂ ಅಳೆದು ನೋಡಿ ಕಲ್ಲು ಆರಿಸಿದ್ದಾಳೆ ಎಂದ. ಹೆಂಗಸರು ಚಪ್ಪಾಳೆ ತಟ್ಟಿದರು. ಲಿಬ್ರಾದಾ ತಲೆ ತಗ್ಗಿಸಿ ಕೂತಿದ್ದಳು.

ಮನೆಗೆ ಹೋಗುವ ಏರಿನಲ್ಲಿ ಅವಳು ಅವನ ಜೊತೆಗೂಡಿದಳು.

"ಒಂದು ಮಾತು ಹೇಳ್ಬೇಕಿತ್ತು ಕೊಂಪಾದ್ರೆ. ನನಗೆ ಮಂಡಿನೋವು."

"ಕ್ಯಾಪ್ಟನ್‌ನ ಕರೀಲಾ?"

"ಈಗ ಅಲ್ಲ. ಸಸಿ ನೆಡುವಾಗ. ಬಗ್ಗಿ ಏಳೋಕೆ ಆಗ್ತಿರ್ಲಿಲ್ಲ. ಎಲ್ಲಿ ದೊಡ್ಡ ಕಲ್ಲಿತ್ತೋ ಅದರ ಮೇಲೆ ಕೂತು, ಕೈಗೆಟುಕೋ ಕಡೆ ಒಂದು ನೆಡ್ತಿದ್ದೆ. ಬಿಸಿಲಿಗೆ ಬೆನ್ನು ಹಾಕಿ ಕೂರ್ತಿದ್ದೆ, ಅಷ್ಟೆ."

ದೆಲ್ಫಿನೊ ದಾರಿ ನಡುವೆ ನಿಂತುಬಿಟ್ಟ.

"ಮತ್ತೆ ಪಾಚಿ ಮಗ್ಗುಲು, ಮೂರರಲ್ಲೊಂದು ಪಾಲು?"

"ಅದು ಬೇಸಿಗೇಲಿ ನಿಮ್ಮ ಸಸಿ ಸಾಯೋದು, ನನ್ನದು ಬದುಕೋದು ನೋಡಿ ತಿಳಿದದ್ದು. ನಿಮಗೆ ತಿಳಿದ ಹಾಗೇನೇ."

"ಸಭೇಲೇ ಯಾಕೆ ಹೇಳ್ಲಿಲ್ಲ?"

"ಅಷ್ಟು ಚೆನ್ನಾಗಿ ಮಾತಾಡ್ತಿದ್ರಿ. ಮಧ್ಯೆ ಬಾಯಿ ಹಾಕೋದು ಮರ್ಯಾದೆ ಅಲ್ಲ ಅಂತ ಸುಮ್ಮನಿದ್ದೆ."

ಇದನ್ನು ಈಗ ಯಾರಿಗೆ ಹೇಳಿದರೂ ನಗೆಪಾಟಲಾಗುವುದು ತಾನೇ ಎಂದು ಅವನಿಗೆ ಹೊಳೆಯಿತು. ಅವಳಿಗೂ ಅದು ಹೊಳೆದಿತ್ತು. ಶಾಲಿನ ಸೆರಗಿನೊಳಗೆ ಅವಳ ಭುಜ ಕುಲುಕುತ್ತಿತ್ತು. ಕೊನೆಗೆ ಅವನಿಗೂ ನಗು ತಡೆಯಲಾಗಲಿಲ್ಲ.

ಆ ಜುಲೈನಲ್ಲಿ ತಗ್ಗಿನ ಹನ್ನೆರಡು ಮನೆಯವರೂ ಕಲ್ಲು ಹೊತ್ತರು. ದೆಲ್ಫಿನೊಗೆ ನೆಡಲು ಹದಿಮೂರು ದಿನ ಹಿಡಿಯಿತು. ಹಗ್ಗವನ್ನು ಅವನು ಮನೆಯಲ್ಲೇ ಬಿಟ್ಟುಬಂದಿದ್ದ. ಡಿಸೆಂಬರಿನ ಹಿಮ ಹಿಂದಿನ ವರ್ಷಕ್ಕಿಂತ ಬಿರುಸಾಗಿಯೇ ಬಿತ್ತು. ತೀರಾ ತಳದ ಸಸಿಗಳು ಕಲ್ಲಿದ್ದರೂ ಉಳಿಯಲಿಲ್ಲ. ಏಪ್ರಿಲಿನಲ್ಲಿ ತಾತಾ ಅನ್ಸೆಲ್ಮೊ ಕೋಲು ಹಿಡಿದು ಬಂದು, ಸಾಲಿಲ್ಲದ ಪಾಲಿನಲ್ಲಿ ಎರಡು ಸಲ ಲೆಕ್ಕ ತಪ್ಪಿ, ಗೊಣಗುತ್ತ ಮೂರನೆಯ ಸಲ ಎಣಿಸಿದ. ಆರುನೂರರಲ್ಲಿ ನಾನೂರ ಹನ್ನೆರಡು ಬದುಕಿದ್ದವು.

ದೆಲ್ಫಿನೊ ನೆಟ್ಟಗೆ ಗಿರಣಿಗೆ ಹೋದ. ಲಿಬ್ರಾದಾ ನೆನೆದ ಜೋಳ ಸುರಿಯುತ್ತಿದ್ದಳು, ಯಂತ್ರ ಅಬ್ಬರಿಸುತ್ತಿತ್ತು, ಬಾಗಿಲ ತನಕ ಹೆಂಗಸರು ಬೋಗುಣಿ ಹಿಡಿದು ನಿಂತಿದ್ದರು.

"ನಾನೂರ ಹನ್ನೆರಡು," ಎಂದ.

ಅವಳು ಕಿವಿಗೆ ಕೈಯಿಟ್ಟು ಕೇಳಿಸಲಿಲ್ಲವೆಂದು ಸನ್ನೆ ಮಾಡಿದಳು. ಅವನು ಇನ್ನೂ ಗಟ್ಟಿಯಾಗಿ ಹೇಳಿದ. ಅವಳು ಮತ್ತೆ ತಲೆಯಾಡಿಸಿ, ಹತ್ತಿರ ಬಾಗಿ, "ಏನಂದ್ರಿ ಕೊಂಪಾದ್ರೆ?" ಎಂದಳು. ಬಾಗಿಲಲ್ಲಿದ್ದವರೆಲ್ಲ ಈಗ ಅವನನ್ನೇ ನೋಡುತ್ತಿದ್ದರು. ಮೂರನೆಯ ಸಲ ಬಾಯಿ ಬಿಡುವಾಗ, ಮೊದಲ ಸಲವೇ ಅವಳಿಗೆ ಕೇಳಿಸಿತ್ತೆಂಬುದು ಅವನಿಗೆ ತಿಳಿಯಿತು. ಆದರೂ ಉಸಿರು ತುಂಬಿಕೊಂಡು ಕೂಗಿ ಹೇಳಿದ.