ರುದ್ರಸ್ವಾಮಿಗಳ ಗಂಡು ಹೇನು

ಪ್ರೊಫೆಸರ್ ರುದ್ರಸ್ವಾಮಿಗಳು ಯಾವುದನ್ನೂ ಖಚಿತವಾಗಿ ಹೇಳಿದ್ದನ್ನು ನಾನು ಕೇಳಿಲ್ಲ. ಕಾಫಿ ಆಯಿತೇ ಎಂದರೆ "ಸದ್ಯಕ್ಕೆ ಆಗಿದೆ" ಎನ್ನುವರು, ಮದುವೆಯಾಗಿ ಮೂವತ್ತೆಂಟು ವರ್ಷವಾದ ಪದ್ಮಾವತಿಯವರನ್ನು ಪರಿಚಯಿಸುವಾಗಲೂ "ಸದ್ಯಕ್ಕೆ ಇವರು ನನ್ನ ಶ್ರೀಮತಿ." ಪ್ರಯೋಗಾಲಯದ ಬಿಳಿ ಕೋಟನ್ನು ನಿವೃತ್ತಿಯ ಬಳಿಕವೂ ಕಳಚದೆ, ಬಿದ್ದುಹೋದ ಉಂಗುರವನ್ನು ಅರಸುವವರಂತೆ ಬೇಲಿಯ ಬುಡಗಳನ್ನೇ ದಿಟ್ಟಿಸುತ್ತ ಅವರು ಒಂಟಿಕೊಪ್ಪಲಿನಲ್ಲಿ ನಡೆದುಹೋಗುವುದನ್ನು ಕಂಡರೆ ಬೀದಿನಾಯಿಗಳೂ ಗೌರವದಿಂದ ದಾರಿ ಬಿಡುತ್ತಿದ್ದವು. ಶನಿವಾರ ಬೆಳಿಗ್ಗೆ ಬೆಟ್ಟದ ತಪ್ಪಲಿನಲ್ಲಿ ಕಾಡಿಲಿ ಹಿಡಿದು, ಔಷಧಿಯಿಂದ ಮತ್ತು ಬರಿಸಿ, ಸೀರಣಿಗೆಯಿಂದ ಮೈ ಬಾಚಿ ಹೇನು ಉದುರಿಸಿಕೊಂಡು, ಇಲಿಯನ್ನು ಎಲ್ಲಿಂದ ತಂದರೋ ಅಲ್ಲಿಗೇ ಬಿಡುವರು.

"ಇಲಿ ಮೈ ಬಾಚಿದ್ದು ಸಾಕು, ನಿಮ್ ತಲೆ ಒಂಚೂರು ಬಾಚ್ಕೊಳ್ಳಿ" ಎಂಬುದು ಪದ್ಮಾವತಿಯವರ ನಿತ್ಯವಚನ.

ಹಾಗೆ ಬಾಚುವಾಗ ಎಂಟು ವರ್ಷಗಳ ಹಿಂದೆ ದೊರೆತದ್ದು, ಯಾವ ಗ್ರಂಥದಲ್ಲೂ ವರ್ಣಿತವಾಗದ, ಗಸಗಸೆಗಿಂತ ಸಣ್ಣದೊಂದು ಹೇನು: ಹೆಣ್ಣು ಆರು, ಗಂಡು ಒಂದೇ ಒಂದು. ಅದರ ಎದೆ, ಉಗುರು, ಒಂದೊಂದು ರೋಮವನ್ನೂ ಅಳೆದು ನಲವತ್ತು ಪುಟ ಬರೆದರು. ಆ ಹೇನಿಗೆ ನನ್ನಂಥ ಸಾಹಿತಿಯ ಹೆಸರಿಟ್ಟರೆ ವಿಜ್ಞಾನಕ್ಕೂ ಶೋಭೆಯೆಂದು ಸೂಚ್ಯವಾಗಿ ತಿಳಿಸಿದೆ. ನನ್ನನ್ನು ಅಡಿಯಿಂದ ಮುಡಿಯವರೆಗೆ ಪರಿಶೀಲಿಸಿ, "ಅದರ ಕಾಲು ಭಾಳ ಚೆನ್ನಾಗಿದೆ ಕಣ್ರೀ, ಬೇಡ" ಎಂದರು.

ವಿಜ್ಞಾನಪತ್ರಿಕೆಯವರಿಂದ ಕಾಗದ ಬಂತು. ಆ ಗಂಡು ಹೇನನ್ನು ಮೂಲಮಾದರಿಯಾಗಿ ಕಲ್ಕತ್ತೆಯ ಸಂಗ್ರಹಾಲಯಕ್ಕೆ ಶಾಶ್ವತವಾಗಿ ಒಪ್ಪಿಸಿದರಷ್ಟೇ ಲೇಖನ ಅಚ್ಚಾಗುವುದು, ಹೊಸ ಹೆಸರು ನಿಲ್ಲುವುದು. ತಿಂಗಳ ಕೊನೆಯೇ ಗಡುವು. ರುದ್ರಸ್ವಾಮಿಗಳು ಮೂರು ಸಲ ಅಂಚೆಕಚೇರಿಯ ಬಾಗಿಲವರೆಗೆ ಹೋಗಿ, ಡಬ್ಬಿಯ ಸಮೇತ ಹಿಂದಿರುಗಿದರು. "ಬಲಗಾಲಿಂದು ಒಂದು ರೋಮ ಇನ್ನೊಂದ್ಸಲ ನೋಡ್ಬೇಕು" ಎಂಬ ನೆಪ. ಎಂಟು ವರ್ಷ ನಿತ್ಯವೂ ನೋಡಿದ್ದ ರೋಮ!

ಕೊನೆಯ ದಿನ ನಾನೂ ಜೊತೆಗೆ ಹೋದೆ.

"ಒಳಗೇನಿದೆ ಸಾರ್?" ಎಂದು ಕೌಂಟರಿನಾಕೆ ಕೇಳಿದಳು.

"ಹೇನು."

ಆಕೆ ತಟ್ಟನೆ ಕೈ ಹಿಂದಕ್ಕೆಳೆದುಕೊಂಡಳು. "ಅಯ್ಯೋ ಶಿವನೇ! ಆಚೆ ಬಂದ್ಬುಟ್ರೆ?"

"ಬರಲ್ಲ ಕಣಮ್ಮ" ಎಂದರು. ಡಬ್ಬಿಯ ಮೇಲೆ ಮುದ್ರೆ ಬಿದ್ದ ಮೇಲೆ, ನನಗಷ್ಟೇ ಕೇಳುವಂತೆ, "ವಾಪಸ್ಸೂ ಬರಲ್ಲ" ಎಂದರು.

ಮರುದಿನ ಅವರ ಮನೆಗೆ ಹೋದಾಗ ಸೂಕ್ಷ್ಮದರ್ಶಕದ ದೀಪ ಉರಿಯುತ್ತಿತ್ತು. ಆರು ಹೆಣ್ಣುಗಳು ಪೆಟ್ಟಿಗೆಯಲ್ಲೇ ಇದ್ದವು. ಅವರು ಮಾತ್ರ ಏನೂ ಇಲ್ಲದ ಗಾಜಿನ ಮೇಲೆ ಬಾಗಿ, ಮೆಲ್ಲಗೆ ತಿರುಪು ತಿರುಗಿಸುತ್ತಿದ್ದರು. ಬಾಗಿಲಿನಿಂದಲೇ ಮರಳಿದೆ.

ಹೆಸರಿಡುವ ಕುಲದ ಇಂಥವರನ್ನು ನಾವು ಗ್ರಂಥಗಳ ಅಡಿಟಿಪ್ಪಣಿಯಲ್ಲಿ ಭೇಟಿಯಾಗುತ್ತೇವೆ. ಲೋಕಕ್ಕೊಂದು ಹೊಸ ಹೆಸರು ಸೇರಿದ ದಿನವೇ ಅವರ ಕಣ್ಣೆದುರಿನಿಂದ ಒಂದು ಜೀವ ಎದ್ದುಹೋಗಿರುತ್ತದೆಂಬುದನ್ನು ಅಲ್ಲಿ ಯಾರೂ ಬರೆದಿರುವುದಿಲ್ಲ.